ಮುಹೂರ್ತದ ದಿನ ಗೈರುಹಾಜರಿ

ಇಪ್ಪತ್ತೆಂಟು ವರ್ಷ ಪದವಿ ಕಾಲೇಜುಗಳಲ್ಲಿ ವಾಣಿಜ್ಯಶಾಸ್ತ್ರ ಕಲಿಸಿ, ಐವತ್ತೈದಕ್ಕೇ ಸ್ವಯಂನಿವೃತ್ತಿ ತೆಗೆದುಕೊಂಡವಳು ನಾನು. ಅರ್ಜಿಯಲ್ಲಿ ಬರೆದ ಕಾರಣ ರಕ್ತದೊತ್ತಡ. ನನ್ನ ಗಂಡ ಬಂದವರಿಗೆಲ್ಲ ಹೇಳುವ ಕಾರಣ ಬೇರೆ. "ಸರ್ಕಾರ ಇವಳಿಗೆ ಸಂಬಳ ಕೊಟ್ಟಿದ್ದು ಪಾಠ ಮಾಡ್ಲಿ ಅಂತ. ಇವಳು ಮಾಡಿದ್ದು ಬರೀ ಚಿಂತೆ."

ಹೊಸದಾಗಿ ಉಪನ್ಯಾಸಕರಾಗಿ ಸೇರಿದ ನನ್ನ ಹಳೆಯ ವಿದ್ಯಾರ್ಥಿನಿಯರು ಆಗಾಗ ಮನೆಗೆ ಬರುತ್ತಾರೆ. ಪಠ್ಯಕ್ರಮದ ಬಗ್ಗೆ, ವರ್ಗಾವಣೆಯ ಬಗ್ಗೆ ಕೇಳುತ್ತಾರೆ. ಅದನ್ನು ಹೇಳುವವರು ಬೇಕಾದಷ್ಟು ಜನ ಇದ್ದಾರೆ. ಯಾರೂ ಹೇಳದ ವಿಷಯ ಒಂದಿದೆ. ಈ ಕೆಲಸದಲ್ಲಿ ಪಾಠ ಅರ್ಧ ಮಾತ್ರ; ಉಳಿದರ್ಧ, ಯಾರು ಯಾರ ಜೊತೆ ಕ್ಯಾಂಟೀನಿನಲ್ಲಿ ಕೂತಿದ್ದಾರೆ ಎಂಬುದನ್ನು ಕಂಡೂ ಕಾಣದವರ ಹಾಗೆ ದಾಟಿ ಹೋಗುವುದು. ಅದಕ್ಕೆ ಯಾವ ತರಬೇತಿಯೂ ಇಲ್ಲ. ನನಗೆ ಆ ವಿದ್ಯೆ ಮೊದಲೇ ಬಂದಿದ್ದರೆ ಇದನ್ನು ಬರೆಯುವ ಪ್ರಸಂಗವೂ ಬರುತ್ತಿರಲಿಲ್ಲ.

ಸಾಗರ, ತೀರ್ಥಹಳ್ಳಿ, ಹೊಸನಗರ ಈ ಮೂರು ತಾಲ್ಲೂಕುಗಳ ಒಳಗೇ ನನ್ನ ನೌಕರಿ ಮುಗಿಯಿತು. ಕಾಲೇಜುಗಳ ಹೆಸರು ಹೇಳುವುದಿಲ್ಲ, ಮನುಷ್ಯರ ಹೆಸರು ಬದಲಿಸಿದ್ದೇನೆ. ತಪ್ಪು ನನ್ನದಾದ್ದರಿಂದ ಅದನ್ನು ಮಾತ್ರ ಇದ್ದ ಹಾಗೆಯೇ ಬಿಟ್ಟಿದ್ದೇನೆ.

ನಾನು ಸಾಗರದ ಕಡೆ ಕೆಲಸಕ್ಕೆ ಸೇರಿದಾಗ ತರಗತಿಯ ತುಂಬ ಹುಡುಗರು. ಮುಂದಿನ ಎರಡು ಬೆಂಚಿನಲ್ಲಿ ಹುಡುಗಿಯರು ಒಬ್ಬರಿಗೊಬ್ಬರು ಅಂಟಿಕೊಂಡು ಕೂರುತ್ತಿದ್ದರು. ಆಗ ನನ್ನ ಚಿಂತೆ ಅವರನ್ನು ಕಾಯುವುದು ಹೇಗೆ ಎಂಬುದು. ಹಿಂದಿನ ಬೆಂಚಿನಿಂದ ಹಾರಿ ಬಂದ ಕಾಗದದ ಉಂಡೆಗಳನ್ನು ಬಿಡಿಸಿ ಓದುವುದರಲ್ಲಿ ನಾನು ಎಷ್ಟು ಪಳಗಿದ್ದೆನೆಂದರೆ, ಬರೆದವನ ಅಕ್ಷರ ನೋಡಿ ಅವನು ಯಾವ ಹೈಸ್ಕೂಲಿನಿಂದ ಬಂದವನೆಂದು ಹೇಳುತ್ತಿದ್ದೆ.

ಆಮೇಲೆ ಕಣ್ಣೆದುರೇ ಎಲ್ಲ ಮಗುಚಿಕೊಂಡಿತು. ಹುಡುಗರು ಡಿಪ್ಲೊಮಾಕ್ಕೆ, ಐಟಿಐಗೆ, ಮಂಗಳೂರಿನ ಕಡೆ ಕೆಲಸಕ್ಕೆ, ಇಲ್ಲವೇ ಪಿಯುಸಿ ಬಿಟ್ಟು ಪಿಕಪ್ ಓಡಿಸಲು ಹೋದರು. ಹುಡುಗಿಯರು ಕಾಲೇಜಿಗೆ ಬಂದರು. ಹತ್ತು ವರ್ಷ ಕಳೆಯುವ ಹೊತ್ತಿಗೆ ತರಗತಿಯ ಎರಡೂ ಸಾಲು ಹುಡುಗಿಯರದ್ದು. ಗೋಡೆಯ ಪಕ್ಕದ ಒಂದೂವರೆ ಬೆಂಚಿನಲ್ಲಿ ಹುಡುಗರು, ಟಿಕೆಟ್ ಇಲ್ಲದೆ ಹತ್ತಿದವರ ಹಾಗೆ. ಕಟ್ಟಡಗಳಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ. ಹುಡುಗರ ಶೌಚಾಲಯ ದೊಡ್ಡದು, ಹುಡುಗಿಯರದ್ದು ಎರಡೇ ಬಾಗಿಲಿನದು. ಒಬ್ಬ ಪ್ರಿನ್ಸಿಪಾಲರು ಒಂದು ಭಾನುವಾರ ಬಂದು ಎರಡೂ ಬೋರ್ಡುಗಳನ್ನು ಅದಲುಬದಲು ಮಾಡಿಸಿದರು. ನನ್ನ ಇಡೀ ಸೇವೆಯಲ್ಲಿ ನಾನು ಕಂಡ ಅತ್ಯಂತ ದಕ್ಷ ಆಡಳಿತ ಕ್ರಮ ಅದು. ಸೋಮವಾರ ಬೆಳಿಗ್ಗೆ ಅಭ್ಯಾಸಬಲದಿಂದ ಒಳಗೆ ನುಗ್ಗಿದ ಇಬ್ಬರು ಹುಡುಗರ ಮುಖ ಇನ್ನೂ ನೆನಪಿದೆ.

ಸಂಖ್ಯೆ ಕಡಿಮೆಯಾದ ಕೂಡಲೇ ಹುಡುಗರ ಬೆಲೆ ಏರಿತು. ಮೊದಲಾದರೆ ಯಾರೂ ತಿರುಗಿ ನೋಡದಂಥವನೂ ಕೂದಲಿಗೆ ಜೆಲ್ ಹಚ್ಚಿ, ತರಗತಿಗೆ ಐದು ನಿಮಿಷ ತಡವಾಗಿ, ಚಪ್ಪಾಳೆ ನಿರೀಕ್ಷಿಸುವವನ ಹಾಗೆ ಬರತೊಡಗಿದ. ತೀರ್ಥಹಳ್ಳಿಯ ಕಡೆ ಇದ್ದಾಗ ಅಂಥವನೊಬ್ಬ ಮೂವರು ಹುಡುಗಿಯರಿಗೆ ಒಂದೇ ವಾಟ್ಸ್ಯಾಪ್ ಸಂದೇಶ ಕಳಿಸಿ, ಮೂವರ ಜೊತೆಗೂ ಓಡಾಡುತ್ತಿದ್ದಾನೆಂದು ನನಗೆ ದೂರು ಬಂತು. ಎರಡು ದಿನ ಊಟ ಸೇರಲಿಲ್ಲ. ಮೂರನೆಯ ದಿನ ಮೂವರನ್ನೂ ಬೇರೆ ಬೇರೆ ಕರೆಸಿ ಸಮಾಧಾನ ಹೇಳಬೇಕೆಂದು ಹೊರಟರೆ, ಮೂವರೂ ಒಟ್ಟಿಗೇ ಬಂದರು. ಅವರಲ್ಲಿ ಒಬ್ಬಳು ಪಫ್ಸ್ ತಿನ್ನುತ್ತಿದ್ದಳು.

"ಅದು ಮುಗಿದೋಯ್ತು ಮೇಡಂ," ಎಂದಳು ಅವಳು. "ಮೆಸೇಜ್ ಪಕ್ಕಪಕ್ಕ ಇಟ್ಕೊಂಡು ನೋಡಿದ್ವಿ. ಹೆಸರು ಮಾತ್ರ ಬದಲಿಸಿದಾನೆ. ಅವನನ್ನ ಬಿಟ್ಟಾಯ್ತು."

"ಅವನು ಎಂತ ಹೇಳ್ದ?"

"ಅವನಿಗಿನ್ನೂ ಹೇಳಿಲ್ಲ. ಸೆಮಿನಾರ್ ಪಿಪಿಟಿ ಅವನ ಹತ್ರ ಇದೆ. ಅದು ಕೈಗೆ ಬರ್ಲಿ ಅಂತ ಕಾಯ್ತಾ ಇದೀವಿ."

ಅವತ್ತೇ ನಾನು ಪಾಠ ಕಲಿಯಬೇಕಿತ್ತು. ಈ ಹುಡುಗಿಯರಿಗೆ ತಮ್ಮ ಗೋಜಲು ತಾವೇ ಬಿಡಿಸಿಕೊಳ್ಳಲು ಬರುತ್ತದೆ, ನನ್ನ ಉಪವಾಸ ಅವರಿಗೆ ಬೇಡ ಎಂದು. ಆದರೆ ಚಿಂತೆ ಮಾಡುವವರಿಗೆ ಒಂದು ಚಿಂತೆ ಸುಳ್ಳಾದರೆ ಸಮಾಧಾನವಾಗುವುದಿಲ್ಲ, ಇನ್ನೊಂದು ಹುಡುಕುವಷ್ಟು ಬಿಡುವಾಗುತ್ತದೆ, ಅಷ್ಟೆ.

ಹೊಸನಗರದ ಕಡೆಗೆ ವರ್ಗವಾಗಿ ಬಂದ ಮೇಲೆ ನಾನು ಒಂದು ಶಾಸ್ತ್ರ ಕಂಡುಹಿಡಿದೆ. ನಲವತ್ತಾರು ಹುಡುಗಿಯರು ಮತ್ತು ಏಳು ಹುಡುಗರಿದ್ದ ಎರಡನೆಯ ಬಿ.ಕಾಂ.ಗೆ ನಾನು ತರಗತಿ ಶಿಕ್ಷಕಿ. ಹಾಜರಾತಿ ಪುಸ್ತಕ ನನ್ನ ಸುಪರ್ದಿಯಲ್ಲಿತ್ತು. ಒಂದು ದಿನ ತಿಂಗಳ ಗೈರುಹಾಜರಿ ಕೂಡಿಸುತ್ತಿದ್ದಾಗ ಹೊಳೆಯಿತು: ಪ್ರೀತಿಯಲ್ಲಿ ಬಿದ್ದವರು ಇಬ್ಬರೂ ಒಂದೇ ದಿನ ಗೈರಾಗುತ್ತಾರೆ. ಹುಡುಗರು ಏಳೇ ಜನ ಇದ್ದುದರಿಂದ ತಾಳೆ ನೋಡುವುದು ಸುಲಭ. ಹುಡುಗನ ಸಾಲಿನ ಮೇಲೆ ಸ್ಕೇಲ್ ಇಟ್ಟು, ಹುಡುಗಿಯರ ಸಾಲುಗಳನ್ನು ಒಂದೊಂದಾಗಿ ಇಳಿಯುತ್ತ ಬಂದರಾಯಿತು. ಹೀಗೆ ಒಂದು ಜೋಡಿಯನ್ನು ಹಿಡಿದೆ, ಅದು ನಿಜವೂ ಆಗಿತ್ತು. ಸ್ಟಾಫ್ ರೂಮಿನಲ್ಲಿ ನನಗೆ ದೊಡ್ಡ ಹೆಸರು ಬಂತು. ಒಂದು ಸಲ ಸರಿಯಾದ ಶಾಸ್ತ್ರದಷ್ಟು ಅಪಾಯ ಇನ್ನೊಂದಿಲ್ಲ. (ಈಗ ಮೊಬೈಲಿನಲ್ಲೇ ಹಾಜರಿ. ಮಗು ಬರದಿದ್ದರೆ ಮನೆಗೆ ತಾನಾಗಿಯೇ ಸಂದೇಶ ಹೋಗುತ್ತದಂತೆ. ನಾನು ಮುಂದೆ ಹೇಳುವ ತಪ್ಪನ್ನು ಈಗ ಯಂತ್ರ ದಿನಾ ಮಾಡಬಲ್ಲದು, ಅದೂ ಊಟ ಬಿಡದೆ.)

ಆ ವರ್ಷ ಜನವರಿಯ ಮೊದಲ ವಾರ ಸ್ಕೇಲ್ ಇಟ್ಟಾಗ ಸುಹಾಸ್ ಎಂಬ ಹುಡುಗನ ಗೈರುಹಾಜರಿ ರಕ್ಷಿತಾ ಎಂಬ ಹುಡುಗಿಯ ಗೈರುಹಾಜರಿಗೆ ಸರಿಯಾಗಿ ಕೂತಿತು. ಒಂಬತ್ತಕ್ಕೆ ಒಂಬತ್ತು ದಿನ. ಇಬ್ಬರೂ ಹುಲಿಕಲ್ ಕಡೆಯಿಂದ ಬರುವವರು. ರಕ್ಷಿತಾ ತರಗತಿಗೇ ಮೊದಲಿಗಳು, ಬಾಯಿಯೂ ಜೋರು. ಆ ಒಂಬತ್ತು ದಿನಗಳಲ್ಲಿ ಒಂದು ದಿನ ಮಧ್ಯಾಹ್ನ ಹನ್ನೆರಡೂವರೆಗೆ ಇಬ್ಬರೂ ಬಸ್ ಸ್ಟ್ಯಾಂಡಿನಲ್ಲಿ ಇಳಿಯುವುದನ್ನು ನಾನೇ ಕಂಡಿದ್ದೆ. ಕಾಲೇಜು ಒಂದೂವರೆಗೆ ಬಿಡುತ್ತದೆ. ಇನ್ನೇನು ಬೇಕು?

ರಕ್ಷಿತಾಳ ಅಪ್ಪ ಮಂಜಪ್ಪನವರಿಗೆ ಫೋನ್ ಮಾಡಿದೆ. ಅವರು ಊರಿನಿಂದ ಎರಡು ಸ್ಟಾಪ್ ಈಚೆ ಹಿಟ್ಟಿನ ಮಿಲ್ಲು ನಡೆಸುವವರು. ಹಿಂದಿನಿಂದ ಮಿಲ್ಲಿನ ಸದ್ದು ಕೇಳುತ್ತಿತ್ತು.

"ನಿಮ್ಮ ಮಗಳು ಕ್ಲಾಸಿಗೆ ತಪ್ಪಿಸಿ ಒಬ್ಬ ಹುಡುಗನ ಜೊತೆ ಓಡಾಡ್ತಾ ಇದಾಳೆ ಅಂತ ನಂಗೆ ಅನುಮಾನ. ಸ್ವಲ್ಪ ಗಮನ ಇಡಿ," ಎಂದೆ.

"ಆಯ್ತು ಮೇಡಂ," ಎಂದರು. ಅಷ್ಟೇ.

ಸುಹಾಸನ ಮನೆಗೆ ನಾನು ಫೋನ್ ಮಾಡಲಿಲ್ಲ. ಮಾಡಬೇಕೆಂದು ಅನ್ನಿಸಲೂ ಇಲ್ಲ. ಇದನ್ನು ಹೊಸಬರು ಎರಡು ಸಲ ಓದಿಕೊಳ್ಳಬೇಕು. ಒಂಬತ್ತು ದಿನಗಳ ಗೈರು ಇಬ್ಬರದ್ದೂ, ಫೋನ್ ಹೋದದ್ದು ಒಂದೇ ಮನೆಗೆ. ಮರುದಿನದಿಂದ ಸುಹಾಸ್ ಎಂದಿನಂತೆ ಐದು ನಿಮಿಷ ತಡವಾಗಿ ಬಂದ. ರಕ್ಷಿತಾ ಬರಲಿಲ್ಲ.

ಮೊದಲ ದಿನ ಜ್ವರವಿರಬಹುದು ಎಂದುಕೊಂಡೆ. ನಾಲ್ಕನೆಯ ದಿನ ಅವಳ ಗೆಳತಿಯನ್ನು ಕೇಳಿದೆ. ಅವಳು ನನ್ನ ಮುಖ ನೋಡದೆ ಹೇಳಿದಳು. "ಅವಳಿಗೆ ಗಂಡು ಗೊತ್ತು ಮಾಡ್ತಾ ಇದಾರೆ ಮೇಡಂ. ಸಂಕ್ರಾಂತಿ ಕಳೆದ ಮೇಲೆ ಮಾತುಕತೆ. ಪರೀಕ್ಷೆ ಕಟ್ಟಿಸಲ್ಲ ಅಂದ್ರಂತೆ."

ಪರೀಕ್ಷೆಯ ಅರ್ಜಿ ಕೊಡಲು ಉಳಿದಿದ್ದುದು ಐದು ದಿನ. ಅಷ್ಟರೊಳಗೆ ಅವಳು ಬಂದು ಸಹಿ ಹಾಕದಿದ್ದರೆ ಸೆಮಿಸ್ಟರ್ ಹೋಯಿತು. ಸೆಮಿಸ್ಟರ್ ಹೋದ ಹುಡುಗಿ ಮದುವೆಯಾಗಿ ವಾಪಸು ಬಂದು ಓದಿದ್ದನ್ನು ನಾನು ಕಂಡದ್ದು ಬಹಳ ಕಡಿಮೆ.

ಇಲ್ಲಿ ನಮ್ಮ ಕಡೆಯ ಒಂದು ವಿಷಯ ಹೇಳಬೇಕು. ಕಾಲೇಜಿನ ಗೇಟಿನ ಒಳಗೆ ನಲವತ್ತಾರು ಹುಡುಗಿಯರಿಗೆ ಏಳು ಹುಡುಗರು. ಅದೇ ಗೇಟಿನ ಹೊರಗೆ ಕಾಲಿಟ್ಟರೆ ಲೆಕ್ಕ ತಲೆಕೆಳಗು. ಊರೂರಲ್ಲಿ ಮೂವತ್ತೈದು ದಾಟಿದ, ಜಮೀನಿರುವ, ಮನೆಯಲ್ಲೇ ಉಳಿದ ಗಂಡುಗಳು ಹೆಣ್ಣು ಸಿಗದೆ ಕಾಯುತ್ತಿದ್ದಾರೆ. ಜಾತಕ ಬೇಡ, ವರೋಪಚಾರ ಬೇಡ, ಮದುವೆ ಖರ್ಚೂ ನಮ್ಮದೇ, ಹೆಣ್ಣು ಹೂಂ ಅಂದರೆ ಸಾಕು ಎನ್ನುತ್ತಾರೆ. ಓದುತ್ತಿರುವ ತನಕ ಹುಡುಗಿ ಗೇಟಿನ ಒಳಗಿನವಳು. ಓದು ಬಿಡಿಸಿದರೆಂದು ಗೊತ್ತಾದ ಸಂಜೆಯೇ ಅವಳ ಮನೆಯ ಅಂಗಳದಲ್ಲಿ ಬೈಕು ನಿಲ್ಲುತ್ತದೆ. ನಾನು ಒಂದು ಫೋನಿನಿಂದ ರಕ್ಷಿತಾಳನ್ನು ಗೇಟಿನ ಹೊರಗೆ ತಳ್ಳಿದ್ದೆ.

ಆದರೂ ಆ ಹೊತ್ತಿಗೆ ನನ್ನ ಶಾಸ್ತ್ರದ ಮೇಲೆ ನನಗೆ ಅನುಮಾನವಿರಲಿಲ್ಲ. ಹುಡುಗಿ ತಪ್ಪಿದ್ದು ನಿಜ, ಶಿಕ್ಷೆ ಜಾಸ್ತಿಯಾಯಿತು ಎಂದೇ ನಂಬಿದ್ದೆ. ಅದನ್ನು ಒಡೆದವರು ಪ್ರಿನ್ಸಿಪಾಲರು. ಅವರು ಮೆತ್ತಗೆ ಮಾತಾಡುವವರು. ಬೈದದ್ದು ಮನೆಗೆ ಹೋದ ಮೇಲೆ ಗೊತ್ತಾಗುತ್ತಿತ್ತು. ನಾನು ವಿಷಯವೆಲ್ಲ ಹೇಳಿದಾಗ ಅವರು ತಮ್ಮ ಮೇಜಿನ ಮೇಲಿದ್ದ ಬಿ.ಎ. ತರಗತಿಯ ಹಾಜರಾತಿ ಪುಸ್ತಕ ತೆರೆದರು. ನನ್ನ ಒಂಬತ್ತು ತಾರೀಕುಗಳನ್ನು ಒಂದೊಂದಾಗಿ ಕೇಳುತ್ತ ಹೋದರು.

"ಇಲ್ಲಿ ನಾಲ್ಕು ಜನ ಇದಾರೆ, ಎಲ್ರೂ ಹುಲಿಕಲ್ ಕಡೆಯವ್ರು," ಎಂದರು. "ನಿಮ್ಮ ಒಂಬತ್ತರಲ್ಲಿ ಏಳು ದಿನ ಈ ನಾಲ್ವರೂ ಗೈರು. ಇದರಲ್ಲಿ ಒಬ್ಬನಿಗೆ ಮದುವೆಯಾಗಿ ಮಗು ಇದೆ. ಆರೂ ಜನ ಸೇರಿ ಪ್ರೀತಿ ಮಾಡ್ತಾ ಇದಾರೆ ಅಂತೀರಾ?"

ನಾನು ಆ ಪುಸ್ತಕವನ್ನು ನನ್ನ ಕಡೆ ತಿರುಗಿಸಿಕೊಂಡು ತಾರೀಕುಗಳ ಮೇಲೆ ಬೆರಳಾಡಿಸಿದೆ.

"ಎಲ್ಲಿಂದ ಬರ್ತಾರೆ ಅಂತ ಹೇಳಿದ್ರಿ. ಹೇಗೆ ಬರ್ತಾರೆ ಅಂತ ಕೇಳಿದ್ರಾ?"

ಕೇಳಿರಲಿಲ್ಲ. ಕಾಲೇಜಿನಿಂದ ನೇರ ಬಸ್ ಸ್ಟ್ಯಾಂಡಿಗೆ ಹೋದೆ. ಆ ದಾರಿಯಲ್ಲಿ ಕಾಲೇಜಿನ ಹೊತ್ತಿಗೆ ಇದ್ದುದು ಒಂದೇ ಖಾಸಗಿ ಬಸ್ಸು. ಕಂಡಕ್ಟರ್ ರಫೀಕ್ ಎಂಬುವರು, ನಲವತ್ತರ ಆಸುಪಾಸಿನವರು, ಕಿವಿಯ ಹಿಂದೆ ಪೆನ್ನು. ನಾನು ತಾರೀಕುಗಳ ಚೀಟಿ ಕೊಟ್ಟೆ. ಅವರು ಶರ್ಟಿನ ಜೇಬಿನಿಂದ ಚಿಕ್ಕ ಡೈರಿ ತೆಗೆದರು. ಟ್ರಿಪ್ ತಪ್ಪಿದ ದಿನಗಳನ್ನು ಮಾಲೀಕರಿಗೆ ತೋರಿಸಲು ಬರೆದಿಡುವ ಡೈರಿ.

"ಇದು ಮದ್ವೆ ಮೇಡಂ," ಎಂದರು. "ಇದೂ ಮದ್ವೆ. ಇದು ಮದ್ವೆ. ಇದು ಬೀಗರೂಟ."

"ಯಾರ ಮದುವೆ?"

"ಯಾರದ್ದಾದ್ರೂ. ದಿಬ್ಬಣಕ್ಕೆ ಬಸ್ ಬೇಕಲಾ. ಮುಹೂರ್ತ ಚೆನ್ನಾಗಿರೋ ದಿನ ಈ ಬಸ್ ಲೈನಿಗೆ ಬರಲ್ಲ, ಮದ್ವೆಗೆ ಹೋಗ್ತದೆ. ಈ ಕಡೆ ಮುಹೂರ್ತ ಯಾವಾಗ ಇದೆ ಅಂತ ಭಟ್ರಿಗಿಂತ ಮೊದ್ಲು ನಂಗೆ ಗೊತ್ತಾಗ್ತದೆ."

"ಆಗ ಮಕ್ಕಳು?"

"ಹನ್ನೊಂದು ಗಂಟೆ ಬಸ್ಸಿಗೆ ಬರ್ತಾವೆ, ಇಲ್ಲಿ ಇಳಿಯೋವಾಗ ಹನ್ನೆರಡೂವರೆ. ಬಂದ್ರೂ ಒಳಗೆ ಬಿಡಲ್ಲ ಅಂತಾವಲ್ಲ, ಅಲ್ಲಿ ಒಬ್ರು ಮೇಡಂ ಇದಾರಂತೆ, ಮೊದಲ ಕ್ಲಾಸ್ ತಪ್ಪಿದ್ರೆ ಇಡೀ ದಿನ ಹಾಜರಿ ಇಲ್ಲ ಅಂತ ರೂಲ್ಸ್ ಮಾಡಿದಾರಂತೆ."

ಆ ಮೇಡಂ ಯಾರೆಂದು ನಾನು ಹೇಳಲಿಲ್ಲ. ಅವರಿಗೆ ಹೇಳದೆಯೂ ತಿಳಿಯಿತೆಂದು ಕಾಣುತ್ತದೆ. ಪಕ್ಕಕ್ಕೆ ತಿರುಗಿ ಎಲೆಅಡಿಕೆ ಉಗಿದು ಬಂದರು.

ಕಾರ್ತಿಕದಿಂದ ಧನುರ್ಮಾಸ ಹತ್ತುವ ತನಕ ಪಂಚಾಂಗದಲ್ಲಿ ಒಳ್ಳೆಯ ದಿನ ಬಂದಾಗೆಲ್ಲ ನನ್ನ ವಿದ್ಯಾರ್ಥಿಗಳು ಗೈರಾಗಿದ್ದರು. ಬೇರೆಯವರು ಮದುವೆಯಾದದ್ದಕ್ಕೆ ಇವರು ಪಾಠ ಕಳೆದುಕೊಂಡರು. ನಾನು ಅದನ್ನು ನೋಡಿ ಒಂದು ಪ್ರೇಮಕಥೆ ಓದಿದೆ. ಏಳು ದಿನಗಳ ಕಥೆ ಅಲ್ಲಿಗೆ ಮುಗಿಯಿತು. ಆದರೆ ತಾರೀಕು ಒಂಬತ್ತು.

"ಈ ಎರಡು?" ಎಂದೆ. ಡಿಸೆಂಬರ್ ಕೊನೆಯ ವಾರದ ಎರಡು ದಿನಗಳು. ಧನುರ್ಮಾಸ, ಯಾರ ಮನೆಯಲ್ಲೂ ಮದುವೆ ಇರುವುದಿಲ್ಲ.

ರಫೀಕ್ ಡೈರಿ ಮುಚ್ಚಿದರು. "ಆ ಎರಡು ದಿನ ಬಸ್ ಬಂದಿತ್ತು. ಅವರಿಬ್ರೂ ಹತ್ತಿದ್ರು. ಹೊಸನಗರದಲ್ಲಿ ಇಳಿದ್ರು. ಅಲ್ಲಿಂದ ಮುಂದೆ ನನ್ನ ಬಸ್ ಅಲ್ಲ ಮೇಡಂ."

ಅವತ್ತು ರಾತ್ರಿ ನನ್ನ ಗಂಡನಿಗೂ ನಿದ್ದೆಯಿರಲಿಲ್ಲ. ನಾನು ಮಾಡಲು ಬಿಡಲಿಲ್ಲ. ಹುಡುಗಿ ಪೂರ್ತಿ ನಿರಪರಾಧಿಯಾಗಿದ್ದರೆ ನನ್ನ ಕೆಲಸ ಸುಲಭವಿತ್ತು, ಹೋಗಿ ಕ್ಷಮೆ ಕೇಳಿದರಾಯಿತು. ಒಂಬತ್ತರಲ್ಲಿ ಎರಡು ದಿನ ಅವಳು ಆ ಹುಡುಗನ ಜೊತೆ ಹೋದದ್ದು ನಿಜ. ಎರಡು ದಿನಕ್ಕೆ ಒಂದು ಡಿಗ್ರಿ ಹೋಗಬೇಕೇ ಎಂಬುದು ಪ್ರಶ್ನೆ. ಇಪ್ಪತ್ತು ವರ್ಷ ತುಂಬದ ಹುಡುಗಿ ಎರಡು ದಿನ ಊರು ಸುತ್ತಿದರೆ ಆಕಾಶ ಬೀಳುವುದಿಲ್ಲ ಎಂದು ನನಗೆ ಗೊತ್ತಿತ್ತು. ಮಂಜಪ್ಪನವರಿಗೆ ಅದನ್ನು ಗೊತ್ತುಪಡಿಸುವ ಹಾದಿ ಮಾತ್ರ ಗೊತ್ತಿರಲಿಲ್ಲ.

ಮರುದಿನ ರಫೀಕರನ್ನು ಕೇಳಿಕೊಂಡೆ. ಮಧ್ಯಾಹ್ನದ ಬಿಡುವಿನಲ್ಲಿ ಅವರು ಬರಲು ಒಪ್ಪಿದರು. "ನಂಗೂ ಹೆಣ್ಣುಮಕ್ಕಳಿದಾರೆ," ಎಂದು ಮಾತ್ರ ಹೇಳಿದರು. ಅವರದ್ದೇ ಬಸ್ಸಿನಲ್ಲಿ ಹೋಗಿ ಮಿಲ್ಲಿನ ಸ್ಟಾಪಿನಲ್ಲಿ ಇಳಿದೆವು. ಹಾಜರಾತಿ ಪುಸ್ತಕ ನನ್ನ ಕೈಚೀಲದಲ್ಲಿತ್ತು. ಅದನ್ನು ಕಾಲೇಜಿನಿಂದ ಹೊರಗೆ ಒಯ್ಯಬಾರದೆಂಬ ಸುತ್ತೋಲೆಗೆ ಎಲ್ಲರಿಂದ ಸಹಿ ಹಾಕಿಸಿದವಳೂ ನಾನೇ.

ಮಿಲ್ಲು ರಸ್ತೆಯಿಂದ ಸ್ವಲ್ಪ ಒಳಗಿತ್ತು. ಮಂಜಪ್ಪನವರ ಹುಬ್ಬು, ಮೀಸೆ, ಕಿವಿಯ ಕೂದಲು ಎಲ್ಲ ಹಿಟ್ಟಿನಿಂದ ಬೆಳ್ಳಗಾಗಿತ್ತು. ರಕ್ಷಿತಾ ಮೂಲೆಯಲ್ಲಿ ಡಬ್ಬಗಳಿಗೆ ಹಿಟ್ಟು ತುಂಬಿಸುತ್ತಿದ್ದಳು. ನನ್ನನ್ನು ನೋಡಿ ತಿರುಗಿ ಕೂತಳು. ಬೀಸಲು ತಂದವರು ನಾಲ್ಕೈದು ಜನ ಸಾಲಿನಲ್ಲಿದ್ದರು. ಆ ಸದ್ದಿನಲ್ಲಿ ನಾನು ಆಡಿದ ಒಂದು ಮಾತೂ ಯಾರಿಗೂ ಕೇಳುತ್ತಿರಲಿಲ್ಲ. ಆದ್ದರಿಂದ ಗಂಟಲು ಹರಿಯುವ ಹಾಗೆ ಕೂಗಿದೆ. ನಾನು ಕೂಗುತ್ತಿರುವಾಗಲೇ ಕರೆಂಟ್ ಹೋಯಿತು.

"ಪ್ರೀತಿ ಅಲ್ಲ, ಬಸ್ಸು," ಎಂಬ ನನ್ನ ಕೂಗು ಮಿಲ್ಲಿನ ತುಂಬ ನಿಂತುಬಿಟ್ಟಿತು.

ಸಾಲಿನಲ್ಲಿದ್ದವರೆಲ್ಲ ತಿರುಗಿದರು. ಮಂಜಪ್ಪನವರು ಕೈ ಕೊಡವಿಕೊಂಡು, "ಕೂತ್ಕಳಿ," ಎಂದು ಒಂದು ಸ್ಟೂಲು ತೋರಿಸಿದರು.

ನಾನು ಬಸ್ಸಿನ ವಿಷಯ ಹೇಳಿದೆ. ತಪ್ಪು ನನ್ನದು, ವಿಚಾರಿಸದೆ ಫೋನ್ ಮಾಡಿದೆ ಎಂದೆ. ಅಕ್ಕಿಯ ಡಬ್ಬ ಮಡಿಲಲ್ಲಿ ಇಟ್ಟುಕೊಂಡು ಕೂತಿದ್ದ ಒಬ್ಬರು ಅಜ್ಜಿ ನಡುವೆ ಬಾಯಿ ಹಾಕಿದರು.

"ಆಗಿದ್ದು ಆಗೋಯ್ತಲ್ಲ ಅಮ್ಮ. ಓದಿ ಎಂತ ಮಾಡೋದಿದೆ. ಗಂಡು ಒಳ್ಳೇನು, ಕುಡಿಯಲ್ಲ. ಅವನಿಗೆ ಮೂವತ್ತೆಂಟು ಆಯ್ತು, ಪಾಪ, ಎಷ್ಟು ಮನೆ ತಿರುಗಿದ."

"ಅಜ್ಜಿ, ಅವನು ಪಾಪ ಆದ್ರೆ ನಾನೆಂತ ಮಾಡ್ಲಿ?" ಎಂದಳು ರಕ್ಷಿತಾ, ಡಬ್ಬದಿಂದ ಕಣ್ಣೆತ್ತದೆ.

"ನೀ ಸುಮ್ನಿರು," ಎಂದರು ಮಂಜಪ್ಪ. ನನ್ನ ಕಡೆ ತಿರುಗಿದರು. "ಪುಸ್ತಕ ತಂದೀರಾ?"

ತೆಗೆದೆ. ಅವರು ದಿನವಿಡೀ ಅಳೆದು ಕೊಡುವ ಮನುಷ್ಯ. ಒಟ್ಟಿನ ಮಾತಿಗೆ ಒಪ್ಪುವವರಲ್ಲ. ಒಂದೊಂದೇ ತಾರೀಕು ಓದಿ ಎಂದರು. ನಾನು ಓದಿದೆ. ರಫೀಕ್ ಡೈರಿ ನೋಡಿ, ಅವತ್ತು ಇಂಥವರ ಮನೆ ಮದುವೆ, ಇಂಥ ಊರಿಗೆ ದಿಬ್ಬಣ ಎಂದು ಹೇಳುತ್ತ ಬಂದರು. ಸಾಲಿನಲ್ಲಿದ್ದವರೂ ಸಾಕ್ಷಿಗೆ ಸೇರಿಕೊಂಡರು. "ಹೌದೌದು, ಆ ಮದ್ವೇಲಿ ಹೋಳಿಗೆ ಸಾಲ್ಲಿಲ್ಲ," ಎಂದು ಒಬ್ಬರು. ಏಳು ತಾರೀಕು ಹೀಗೆ ದಾಟಿದವು.

ಎಂಟನೆಯದರ ಹತ್ತಿರ ನನ್ನ ಬೆರಳು ನಿಂತಿತು. ಪುಸ್ತಕ ಮುಚ್ಚಿ ಏಳೇ ಎಂದು ಹೇಳಬಹುದಿತ್ತು. ಆದರೆ ಮಂಜಪ್ಪನವರು ನನ್ನ ಹೆಗಲ ಮೇಲಿಂದ ಬಗ್ಗಿ ನೋಡುತ್ತಿದ್ದರು. ಗೈರಿನ ಗುರುತುಗಳನ್ನು ನಾನು ಕೆಂಪು ಶಾಯಿಯಲ್ಲಿ ಹಾಕುತ್ತಿದ್ದೆ, ಅಷ್ಟು ಶಿಸ್ತು. ತಾರೀಕು ಓದಿದೆ.

"ಇದು ಧನುರ್ಮಾಸ ಅಲ್ದಾ?" ಎಂದರು ಮಂಜಪ್ಪ. "ಇದರಲ್ಲಿ ಮದ್ವೆ ಯಾರದ್ದು?"

ಸಾಲಿನಲ್ಲಿದ್ದ ಸಾಕ್ಷಿಗಳು ತಮ್ಮ ತಮ್ಮ ಚೀಲ ಸರಿಮಾಡಿಕೊಂಡರು. ರಕ್ಷಿತಾಳ ಕೈ ಡಬ್ಬದ ಮುಚ್ಚಳದ ಮೇಲೆ ನಿಂತಿತ್ತು. ನಾನು ಇಪ್ಪತ್ತನಾಲ್ಕು ವರ್ಷಗಳಲ್ಲಿ ಹಾಜರಾತಿಯ ವಿಷಯದಲ್ಲಿ ಒಂದೂ ಸುಳ್ಳು ಹೇಳಿದವಳಲ್ಲ. ಸ್ವಂತ ಅಕ್ಕನ ಮಗನನ್ನು ಹಾಜರಾತಿ ಸಾಲದೆಂದು ಪರೀಕ್ಷೆಗೆ ಕೂರಿಸಲಿಲ್ಲವೆಂದು ಅಕ್ಕ ಎರಡು ವರ್ಷ ಮಾತು ಬಿಟ್ಟಿದ್ದಳು.

"ಅವತ್ತು ಮದುವೆ ಅಲ್ಲ," ಎಂದೆ. "ಬಸ್ ಕೆಟ್ಟಿತ್ತು."

ಮಂಜಪ್ಪ ರಫೀಕರ ಕಡೆ ನೋಡಿದರು. ರಫೀಕ್ ಡೈರಿಯನ್ನು ಎರಡು ಹಾಳೆ ಮಗುಚಿ, ಖಾಲಿ ಹಾಳೆಯೊಂದನ್ನು ಗಂಭೀರವಾಗಿ ನೋಡಿದರು. "ಗೇರ್ ಬಾಕ್ಸ್," ಎಂದರು.

"ಇದು? ಒಂಬತ್ತನೇದು?"

"ಅದೂ ಗೇರ್ ಬಾಕ್ಸೇ."

"ವಾರದಲ್ಲಿ ಎರಡು ಸಲನಾ?"

"ಮೊದಲ ಸಲ ಸಮಾ ಮಾಡ್ಲಿಲ್ಲ ಅವ್ರು. ಕೆಡೋಕೆ ಬಸ್ಸಿಗೆ ಮುಹೂರ್ತ ಬೇಕಾ ಮಂಜಪ್ಪಣ್ಣ?"

ಮಂಜಪ್ಪ ನನ್ನ ಮುಖವನ್ನೇ ಸ್ವಲ್ಪ ಹೊತ್ತು ನೋಡಿದರು. ಜನವರಿಯ ಚಳಿಯಲ್ಲಿ ನನ್ನ ಬೆನ್ನು ಒದ್ದೆಯಾಗಿತ್ತು. ಕರೆಂಟ್ ಬಂತು, ಮಿಲ್ಲು ಗುಡುಗಿತು. ಅವರು ಹೋಗಿ ಅಜ್ಜಿಯ ಅಕ್ಕಿಯನ್ನು ಸುರಿದರು. ನಾವು ಇನ್ನು ಹೊರಡುವುದೇ ಎಂದು ಎದ್ದು ನಿಂತಾಗ ನನ್ನ ಕಿವಿಯ ಹತ್ತಿರ ಬಂದು ಕೇಳಿದರು. "ಅರ್ಜಿ ಕೊಡೋಕೆ ಕೊನೇ ದಿನ ಯಾವತ್ತು?"

ಹೇಳಿದೆ. ತಲೆ ಆಡಿಸಿದರು. ಅದು ಕಳಿಸುತ್ತೇನೆಂದೋ, ಕೇಳಿಸಿತೆಂದೋ ನನಗೆ ಗೊತ್ತಾಗಲಿಲ್ಲ. ಮುಂದಿನ ಎರಡು ದಿನ ನನ್ನ ಗಂಡ ತಾವೇ ಅಡಿಗೆ ಮಾಡಿಕೊಂಡರು.

ಆ ಎರಡು ದಿನಗಳಲ್ಲಿ ನಾನು ಒಂದು ಒಳ್ಳೆಯ ಕೆಲಸ ಮಾಡಿದೆ. ಮೊದಲ ಪಾಠ ತಪ್ಪಿದವರಿಗೆ ಆ ದಿನದ ಹಾಜರಿ ಇಲ್ಲವೆಂಬ ನನ್ನ ನಿಯಮವನ್ನು ನಾನೇ ತೆಗೆದೆ. ಪ್ರಿನ್ಸಿಪಾಲರು ಬಸ್ಸಿನ ಮಾಲೀಕರೊಡನೆ ಮಾತಾಡಿ, ದಿಬ್ಬಣಕ್ಕೆ ಹೋಗುವ ದಿನ ಬೆಳಗಿನ ಟ್ರಿಪ್ಪಿಗೆ ಒಂದು ಟೆಂಪೋ ಬಿಡಲು ಒಪ್ಪಿಸಿದರು. ಯಾವ ಊರಿನಿಂದ ಯಾವ ಬಸ್ಸಿಗೆ ಬರುತ್ತಾರೆ ಎಂಬುದನ್ನು ವರ್ಷದ ಮೊದಲ ದಿನವೇ ಕೇಳಿ, ಹಾಜರಾತಿ ಪುಸ್ತಕದಲ್ಲಿ ಹೆಸರಿನ ಪಕ್ಕ ಬರೆದುಕೊಳ್ಳುವುದನ್ನು ನಾನು ಅಲ್ಲಿಂದಾಚೆ ಬಿಡಲಿಲ್ಲ. ಹೊಸಬರಿಗೆ ನಾನು ಕೊಡುವ ಬುದ್ಧಿಮಾತು ಇದೊಂದೇ. ಸ್ಕೇಲನ್ನು ಗೆರೆ ಎಳೆಯಲು ಬಳಸಿ.

ಕೊನೆಯ ದಿನ ರಕ್ಷಿತಾ ಬಂದಳು. ಹನ್ನೊಂದೂವರೆ ಆಗಿತ್ತು. ಅರ್ಜಿ ತುಂಬಿ, ತರಗತಿ ಶಿಕ್ಷಕಿಯ ಸಹಿಗೆಂದು ನನ್ನ ಮುಂದೆ ಇಟ್ಟಳು. ನನ್ನನ್ನು ಕ್ಷಮಿಸಿದ ಮುಖವೇನಲ್ಲ ಅದು.

"ಎರಡು ದಿನದ ವಿಷಯ ನೀವು ಕೇಳಲ್ವಾ ಮೇಡಂ?"

"ಬೇಡ," ಎಂದೆ.

"ಕೇಳಿ. ಇಲ್ದಿದ್ರೆ ನೀವು ಇನ್ನೂ ಏನೇನೋ ಅಂದ್ಕೊಂಡು ನಿದ್ದೆ ಬಿಡ್ತೀರಿ." ಅವಳು ಎದುರಿನ ಕುರ್ಚಿಯಲ್ಲಿ ಕೂತಳು. "ಮೊದಲ ದಿನ ಅವನ ಜೊತೆ ಸಾಗರಕ್ಕೆ ಹೋಗಿದ್ದೆ. ಸುಮ್ನೆ. ಮಸಾಲೆ ದೋಸೆ ತಿಂದ್ವಿ, ತಿರುಗಾಡಿದ್ವಿ. ಚೆನ್ನಾಗೇ ಇತ್ತು. ಎರಡನೇ ದಿನ ತೀರ್ಥಹಳ್ಳಿಗೆ ಹೋಗಿ ಹೊಳೆ ದಂಡೆ ಮೇಲೆ ಕೂತು, ಇನ್ ಸಾಕು ಅಂತ ಹೇಳಿ ಬಂದೆ."

"ಎಂತಕ್ಕೆ?"

"ಮಾತು ಮಾತಿಗೆ, ನಿಂಗೆ ಬೇಡಾದ್ರೆ ಹೇಳು, ಕ್ಲಾಸಲ್ಲಿ ಇನ್ನೂ ನಲವತ್ತೈದು ಜನ ಇದಾರೆ ಅಂತಿದ್ದ. ನಾನಂದೆ, ನಂಗೂ ನಮ್ಮೂರ ಸುತ್ತ ಅಷ್ಟೇ ಜನ ಕಾಯ್ತಾ ಕೂತಿದಾರೆ ಮಾರಾಯ, ಅವ್ರು ಯಾರೂ ನಂಗೆ ಬೇಡ, ನೀನೂ ಬೇಡ. ಎಣಿಸಿ ಹೇಳೋನ ಜೊತೆ ಎಂತ ಮಾತು."

ನಾನು ಫೋನ್ ಮಾಡುವ ಒಂದು ವಾರ ಮೊದಲೇ ಅವಳು ತನ್ನ ವಿಷಯ ಮುಗಿಸಿಕೊಂಡಿದ್ದಳು. ನಾನು ಬೀಗ ಹಾಕಿದ್ದು ಖಾಲಿ ಕೋಣೆಗೆ, ಸಿಕ್ಕಿಬಿದ್ದದ್ದು ಹೊರಗಿದ್ದವಳು.

"ಅಪ್ಪನಿಗೆ ಗೊತ್ತಾಗ್ಲಿಲ್ಲ ಅನ್ನೋದೇ ಸಮಾಧಾನ," ಎಂದೆ, ಪೆನ್ನಿನ ಕ್ಯಾಪ್ ತೆಗೆಯುತ್ತ.

"ಅಪ್ಪಂಗೆ ಅವತ್ತೇ, ಮಿಲ್ಲಲ್ಲೇ ಗೊತ್ತಾಯ್ತು ಮೇಡಂ."

ಪೆನ್ನು ಅಲ್ಲೇ ನಿಂತಿತು.

"ತೀರ್ಥಹಳ್ಳಿಗೆ ಹೋದ ದಿನ ಬೆಳಿಗ್ಗೆ ಮಿಲ್ಲಿನ ಸ್ಟಾಪಲ್ಲಿ ಅಪ್ಪ ನಿಂತಿದ್ರು. ಮಿಲ್ಲಿನ ಬೆಲ್ಟ್ ಹರಿದಿತ್ತು. ಅದನ್ನ ರಿಪೇರಿಗೆ ರಫೀಕಣ್ಣನ ಕೈಲೇ ಕೊಟ್ಟು ಕಳಿಸಿದ್ದು. ನಾನು ಒಳಗೆ ತಲೆ ಬಗ್ಗಿಸಿ ಕೂತಿದ್ದೆ, ಅಪ್ಪ ನನ್ನ ನೋಡ್ಲಿಲ್ಲ. ರಫೀಕಣ್ಣಂಗೆ ದಿನಾ ಹತ್ತು ಪಾರ್ಸೆಲ್ಲು, ಮರ್ತುಬಿಟ್ಟಿದಾರೆ. ಅಪ್ಪ ಮರೀಲಿಲ್ಲ, ಅವತ್ತು ಬಸ್ ಬಂದಿತ್ತು ಅಂತ ಅವ್ರಿಗೆ ಗೊತ್ತು."

"ಹಂಗಾದ್ರೆ ಅವ್ರು ಯಾಕೆ ಸುಮ್ನಿದ್ರು?"

"ನಾನೂ ಕೇಳ್ದೆ. ನೀವು ಹೋದ ಮೇಲೆ ಒಂದು ದಿನ ಪೂರ್ತಿ ಮಾತಾಡ್ಲಿಲ್ಲ. ಮಾರನೇ ದಿನ ಸಂಜೆ, ಗಂಡಿನ ಕಡೆಯೋರಿಗೆ ಈಗ ಬೇಡ ಅಂತ ಫೋನ್ ಮಾಡಿದ್ರು. ಆಮೇಲೆ ನಂಗೆ ಹೇಳಿದ್ರು." ಅವಳು ಅಪ್ಪನ ಧ್ವನಿಯನ್ನು ಅನುಕರಿಸಲಿಲ್ಲ, ತನ್ನ ಧ್ವನಿಯಲ್ಲೇ ಮೆಲ್ಲಗೆ ಹೇಳಿದಳು. "ಆ ಮೇಡಂಗೆ ಸುಳ್ಳು ಹೇಳಿ ಅಭ್ಯಾಸ ಇಲ್ಲ, ನೋಡಿದ್ಯಾ, ಹೆಂಗೆ ಬೆವರ್ತಿದ್ರು. ಅಂಥೋರು ಇಷ್ಟು ದೂರ ಬಂದು ಎಲ್ಲರ ಎದುರು ನಿಂಗಾಗಿ ಸುಳ್ಳು ಹೇಳಿದ್ರು ಅಂದ್ರೆ, ನೀನು ಓದೋ ಹುಡುಗಿ ಅಂತಾಯ್ತು. ಹೋಗು, ಪರೀಕ್ಷೆ ಕಟ್ಟು."

ನಾನು ಅರ್ಜಿಯ ಕೆಳಗೆ ಸಹಿ ಮಾಡಿದೆ. ತಾರೀಕು ಹಾಕಿದೆ. ಅವಳು ಅದನ್ನು ತೆಗೆದುಕೊಂಡು, ಶಾಯಿ ಆರಲೆಂದು ಗಾಳಿಯಲ್ಲಿ ಬೀಸುತ್ತ, ಆಫೀಸಿನ ಕಿಟಕಿಯ ಮುಂದಿನ ಸಾಲಿನಲ್ಲಿ ಹೋಗಿ ನಿಂತಳು.